ಮನೆಯ ವಾಹನ: ಹಳೆಯ ಕಾರಿನ ಸ್ಟೇರಿಂಗ್ ಭಾರವಾದಾಗ

ಕಡೂರು ತಾಲ್ಲೂಕಿನ ದೇವನೂರಿನಿಂದ ಹಿರಿಯ ವಾಚಕರೊಬ್ಬರು ಬರೆದಿರುವ ಪತ್ರವೇ ಈ ತಿಂಗಳ ಬರಹಕ್ಕೆ ಕಾರಣ. ತೆಂಗಿನ ತೋಟವಿರುವ ಗೃಹಸ್ಥರು. ವಯಸ್ಸು ಎಪ್ಪತ್ತು ದಾಟಿದೆ. ಮನೆಯಲ್ಲಿ 1992ರ ಡೀಸೆಲ್ ಅಂಬಾಸಡರ್ ಕಾರಿದೆ. ತಮ್ಮ ಧರ್ಮಪತ್ನಿಯವರನ್ನು ಕಣ್ಣಿನ ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಚಿಕ್ಕಮಗಳೂರಿಗೆ ಕರೆದೊಯ್ಯುವುದು, ಬಂಧುಗಳ ಮನೆಯ ಶುಭಕಾರ್ಯ, ಮಠದ ದರ್ಶನ, ಎಲ್ಲಕ್ಕೂ ಅದೇ ವಾಹನ. ಒಂದೆರಡು ವರ್ಷಗಳಿಂದ ಸ್ಟೇರಿಂಗ್ ತಿರುಗಿಸುವುದೇ ಕಷ್ಟವಾಗಿದೆಯಂತೆ. ಕಾರನ್ನು ಕೊಟ್ಟಿಗೆಯ ಪಕ್ಕದಲ್ಲಿ ಹಿಂದಕ್ಕೆ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಹೆಗಲು ಸೋತುಹೋಗುತ್ತದೆ ಎಂದು ಬರೆದಿದ್ದಾರೆ. ಮಗನ ಅಭಿಪ್ರಾಯ ಬೇರೆ: "ಅಪ್ಪಾಜಿ, ಕಾರಿಗೇನೂ ಆಗಿಲ್ಲ, ನಿಮ್ಮ ಕೈ ಸೋತಿದೆ. ಮಾರಿಬಿಡೋಣ." ಕಾರು ಸೋತಿದೆಯೋ, ತಾವು ಸೋತಿದ್ದೇವೆಯೋ ತಿಳಿಯುವ ಬಗೆ ಹೇಗೆ ಎಂಬುದು ಅವರ ಪ್ರಶ್ನೆ.

ದೇವನೂರು ಲಕ್ಷ್ಮೀಶ ಕವಿಯ ಊರು. ಆತನ ಜೈಮಿನಿ ಭಾರತದಲ್ಲಿ ಧರ್ಮರಾಯನ ಯಜ್ಞದ ಕುದುರೆ ಮನಬಂದ ದಾರಿಯಲ್ಲಿ ನಡೆಯುತ್ತದೆ, ವೀರರೆಲ್ಲ ಅದರ ಹಿಂದೆ ಹೋಗುತ್ತಾರೆ. ಕುದುರೆಗೆ ಅದು ಶೋಭೆ, ಕಾರಿಗೆ ಶೋಭೆಯಲ್ಲ. ಕಾರು ನಾವು ಹೇಳಿದತ್ತ ಹೋಗಬೇಕು, ಹೇಳಿದ ಕ್ಷಣಕ್ಕೆ ಹೋಗಬೇಕು. ಎಮ್ಮೆಯ ಕರುವೊಂದು ಅಡ್ಡ ಬಂದಾಗ ಅರ್ಧ ಕ್ಷಣ ತಡವಾಗಿ ತಿರುಗುವ ಸ್ಟೇರಿಂಗು ಕೇವಲ ಹೆಗಲಿನ ನೋವಿನ ವಿಷಯವಲ್ಲವೆಂಬುದನ್ನು ವಾಚಕರು ಮೊದಲು ಮನಗಾಣಬೇಕು.

ಈ ದೋಷದ ಒಂದು ಸ್ವಭಾವವೆಂದರೆ, ಅದು ಸದ್ದಿಲ್ಲದೆ ಬೆಳೆಯುತ್ತದೆ. ಬ್ರೇಕು ಕೆಟ್ಟರೆ ಒಂದೇ ದಿನದಲ್ಲಿ ತಿಳಿಯುತ್ತದೆ. ಸ್ಟೇರಿಂಗು ದಿನಕ್ಕೆ ಕೂದಲೆಳೆಯಷ್ಟು ಭಾರವಾಗುತ್ತ ಹೋದರೆ, ಪ್ರತಿದಿನ ನಡೆಸುವವರ ಕೈ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಆದ್ದರಿಂದಲೇ ಇಂತಹ ಕಾರನ್ನು ಒಮ್ಮೆ ಪರರ ಕೈಗೆ ಕೊಟ್ಟು ನೋಡುವುದು ಲೇಸು. ಅದೇ ಮಾದರಿಯ ಮತ್ತೊಂದು ಕಾರನ್ನು ನಾವೂ ನಡೆಸಿ ನೋಡಿದರೆ ಇನ್ನೂ ಲೇಸು. ಅಂಬಾಸಡರ್ ಕಾರಿನ ಸ್ಟೇರಿಂಗು ಇಂದಿನ ಸಣ್ಣ ಕಾರುಗಳಷ್ಟು ಹಗುರವಾಗಿ ಎಂದೂ ಇರಲಿಲ್ಲ. ಪವರ್ ಸ್ಟೇರಿಂಗ್ ಇರುವ ಮಗನ ಕಾರಿನೊಡನೆ ಅದನ್ನು ಹೋಲಿಸಿ ದೂರುವುದು ನ್ಯಾಯವಲ್ಲ.

ಗ್ಯಾರೇಜಿಗೆ ಹೋಗುವ ಮುನ್ನ ಮನೆಯಲ್ಲಿಯೇ ಕುಳಿತು ಭಾರದ ಬಗೆಯನ್ನು ವಿಚಾರಿಸಿಕೊಳ್ಳತಕ್ಕದ್ದು. ಕಾರು ನಿಂತಿರುವಾಗ ಮಾತ್ರ ಭಾರವೋ, ಓಡುವಾಗಲೂ ಭಾರವೋ? ಎರಡೂ ಕಡೆಗೆ ಸಮನಾಗಿ ಭಾರವೋ, ಒಂದು ಕಡೆಗೆ ಹೆಚ್ಚೋ? ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದೋ, ತಿರುಗಿದಲ್ಲಿಯೇ ಉಳಿಯುವುದೋ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಊರ ಹೊರಗಿನ ಖಾಲಿ ಬಯಲಿನಲ್ಲಿ ಗಂಟೆಗೆ 10-15 ಕಿ.ಮೀ. ವೇಗದಲ್ಲಿ ಒಂದು ಸುತ್ತು ತಿರುಗಿಸಿ ಹಿಡಿತವನ್ನು ಸಡಿಲಿಸಿ ನೋಡಬಹುದು. ನಿಂತಾಗ ಭಾರವಿದ್ದು, ಓಡುವಾಗ ಹಗುರಾಗಿ, ತಾನಾಗಿ ನೇರಕ್ಕೆ ಬರುವುದಾದರೆ ದೋಷ ಬಹುಶಃ ಟೈರುಗಳಲ್ಲಿದೆ. ತಿರುಗಿದಲ್ಲಿಯೇ ಅಂಟಿಕೊಂಡು ನಿಂತರೆ ಎಲ್ಲೋ ಒಂದು ಕೀಲು ಬಿಗಿದಿದೆ. ಒಂದೇ ಬದಿಗೆ ಕಾರು ಎಳೆಯುತ್ತಿದ್ದರೆ ಅದು ಬೇರೆಯೇ ರೋಗ. ಎಳೆತವನ್ನೂ ಭಾರವನ್ನೂ ಒಂದೆಂದು ತಿಳಿಯಬಾರದು.

ಪರೀಕ್ಷೆ ನೆಲದಿಂದ ಆರಂಭವಾಗಿ ಮೇಲಕ್ಕೆ ಹೋಗಬೇಕು. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಸ್ಟೇರಿಂಗ್ ಭಾರ ಎಂದೊಡನೆ ಸ್ಟೇರಿಂಗ್ ಬಾಕ್ಸನ್ನೇ ಬಿಚ್ಚಿಸುತ್ತಾರೆ. ಅಷ್ಟು ಹಣ ಖರ್ಚಾದ ಮೇಲೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಾರೆ. ಗಾಳಿ ಕಡಿಮೆಯಾದ ಟೈರು ನೆಲಕ್ಕೆ ಹೆಚ್ಚು ಅಗಲವಾಗಿ ಒತ್ತಿಕೊಳ್ಳುತ್ತದೆ, ತಿರುಗಿಸುವಾಗ ಅಷ್ಟೂ ರಬ್ಬರನ್ನು ನೆಲದ ಮೇಲೆ ಉಜ್ಜಬೇಕಾಗುತ್ತದೆ. ಟೈರು ಕಣ್ಣಿಗೆ ದುಂಡಗೆ ಕಂಡ ಮಾತ್ರಕ್ಕೆ ಗಾಳಿ ಸರಿಯಿದೆಯೆಂದು ಅರ್ಥವಲ್ಲ. ಪಂಕ್ಚರ್ ಅಂಗಡಿಯ ಮೀಟರುಗಳಲ್ಲಿ ಒಂದಕ್ಕೊಂದು ತಾಳೆಯಿರುವುದಿಲ್ಲ. ಆದುದರಿಂದ ಮನೆಯಲ್ಲಿ ಸ್ವಂತದ್ದೊಂದು ಸಣ್ಣ ಗೇಜು ಇರಲಿ. ಬೆಳಿಗ್ಗೆ, ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಬಿಸಿಯಾದ ಟೈರು ಮೂರು ನಾಲ್ಕು ಪೌಂಡು ಹೆಚ್ಚು ತೋರಿಸುತ್ತದೆ. ಎಷ್ಟು ಗಾಳಿ ಎಂಬುದನ್ನು ಕಾರಿನೊಂದಿಗೆ ಬಂದ ಕೈಪಿಡಿಯಿಂದ ತಿಳಿಯಬೇಕೇ ಹೊರತು ಪಕ್ಕದ ಮನೆಯವರ ಬಾಯಿಂದಲ್ಲ.

ಟೈರಿನ ಅಗಲವೂ ಮುಖ್ಯ. ಅಂಬಾಸಡರಿಗೆ ಮೂಲದಲ್ಲಿ 5.90-15, ಪ್ರೀಮಿಯರ್ ಪದ್ಮಿನಿಗೆ 5.20-14 ಅಳತೆಯ ಕಿರಿದಾದ ಟೈರುಗಳಿದ್ದವು. ಅವು ಹಳೆಯ ನೈಲಾನ್ ಟೈರುಗಳು. ಈಗ ಅವು ಸುಲಭವಾಗಿ ದೊರೆಯುವುದಿಲ್ಲವೆಂದು ಜನ ರೇಡಿಯಲ್ ಹಾಕಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ರಸ್ತೆಯ ಹಿಡಿತ ಉತ್ತಮವಾಗುತ್ತದೆ. ಆದರೆ ನಿಂತಲ್ಲಿ ತಿರುಗಿಸುವಾಗ ರೇಡಿಯಲ್ ತುಸು ಹೆಚ್ಚು ಬಲವನ್ನು ಬೇಡುತ್ತದೆ. ಅಂದಕ್ಕೆಂದು ಇನ್ನೂ ಅಗಲವಾದುದನ್ನು ಹಾಕಿಸಿದರೆ ಬೇಡಿಕೆ ಮತ್ತೂ ಹೆಚ್ಚುತ್ತದೆ. ಇದರ ಜೊತೆಗೆ ಕೆಲವರು ಮೂಲದ ದೊಡ್ಡ ಸ್ಟೇರಿಂಗ್ ಚಕ್ರವನ್ನು ತೆಗೆಸಿ, ಚರ್ಮ ಹೊದಿಸಿದ ಸಣ್ಣದೊಂದನ್ನು ಹಾಕಿಸುವುದುಂಟು. ಬಾವಿಯ ರಾಟೆಯ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿ ನೀರು ಸೇದಲು ಹೊರಟ ಹಾಗೆ! ದೊಡ್ಡ ಚಕ್ರವೆಂದರೆ ಉದ್ದವಾದ ಸನ್ನೆಕೋಲು. ಪವರ್ ಸ್ಟೇರಿಂಗ್ ಇಲ್ಲದ ಕಾಲದ ತಯಾರಕರು ಅದನ್ನು ಸುಮ್ಮನೆ ದೊಡ್ಡದು ಮಾಡಿರಲಿಲ್ಲ.

ದೇವನೂರಿನ ಯಜಮಾನರ ಕಾರನ್ನು ನೋಡುವ ಅವಕಾಶ ನನಗೆ ಒದಗಿತು. ಕಡೂರಿನ ಅನುಭವಸ್ಥ ಮೆಕ್ಯಾನಿಕ್ ಒಬ್ಬರೂ ಜೊತೆಗೆ ಬಂದಿದ್ದರು. ಮೊದಲು ಗಾಳಿ ಅಳೆದೆವು: ಮುಂದಿನ ಎಡಕ್ಕೆ 17 ಪೌಂಡು, ಬಲಕ್ಕೆ 19. "ಟೈರು ದುಂಡಗೇ ಇದೆಯಲ್ಲ ಸ್ವಾಮಿ" ಎಂದರು ಯಜಮಾನರು. ಕೈಪಿಡಿಯ ಅಳತೆಗೆ ಗಾಳಿ ತುಂಬಿದ ಮೇಲೆ ಅವರೇ ಕುಳಿತು ತಿರುಗಿಸಿ ನೋಡಿ, "ರೂಪಾಯಿಗೆ ನಾಲ್ಕಾಣೆ ಹಗುರಾಯಿತು" ಎಂದು ಒಪ್ಪಿಕೊಂಡರು. ಉಳಿದ ಹನ್ನೆರಡಾಣೆಯ ಭಾರ ಎಲ್ಲಿದೆಯೆಂಬುದನ್ನು ಹುಡುಕುವ ಕೆಲಸ ಉಳಿಯಿತು.

ಇಲ್ಲಿಂದ ಮುಂದಿನ ಪರೀಕ್ಷೆ ಮುಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ಮಾಡುವಂಥದು. ಸಮತಟ್ಟಾದ ಗಟ್ಟಿ ನೆಲವಿರಬೇಕು. ಅಂಗಳದ ಚಪ್ಪಡಿ ಕಲ್ಲು ಇದಕ್ಕೆ ಒಳ್ಳೆಯದು. ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಕೈಬ್ರೇಕು ಎಳೆದು, ಜ್ಯಾಕಿನಿಂದ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸತಕ್ಕದ್ದು. ಬರಿಯ ಜ್ಯಾಕನ್ನು ನಂಬಿ, ಅಥವಾ ಸಿಮೆಂಟ್ ಇಟ್ಟಿಗೆಗಳನ್ನು ಒಟ್ಟಿ ಕಾರಿನ ಕೆಳಗೆ ತಲೆ ಹಾಕುವುದು ಜೀವಕ್ಕೆ ಸಂಚಕಾರ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಸ್ಟ್ಯಾಂಡು ಇಲ್ಲದ ಮನೆಯವರು ಈ ಪರೀಕ್ಷೆಯನ್ನು ಗ್ಯಾರೇಜಿನಲ್ಲಿಯೇ ಮಾಡಿಸಲಿ.

ಚಕ್ರಗಳು ಗಾಳಿಯಲ್ಲಿರುವಾಗ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಬೇಕು. ಆಗ ಅದು ಎರಡು ಬೆರಳಿಗೆ ಬಗ್ಗಿದರೆ ದೋಷ ಟೈರು, ಅಲೈನ್‌ಮೆಂಟು, ಇಲ್ಲವೇ ಕಾರಿನ ಭಾರ ಹೊರುವ ಬೇರಿಂಗುಗಳಲ್ಲಿದೆ. ಎತ್ತಿದಾಗ ಈ ಬೇರಿಂಗುಗಳ ಮೇಲೆ ಭಾರವಿರುವುದಿಲ್ಲ, ಆದ್ದರಿಂದ ಅವು ಒಳ್ಳೆಯವರಂತೆ ನಟಿಸಬಲ್ಲವು. ಎತ್ತಿದಾಗಲೂ ಬಿಗಿಯಾಗಿಯೇ ಇದ್ದರೆ ದೋಷ ಚಕ್ರದ ಕೀಲು, ರ‍್ಯಾಕು, ಸ್ಟೇರಿಂಗ್ ಬಾಕ್ಸು ಅಥವಾ ಮೇಲಿನ ಕೋಲಿನಲ್ಲಿದೆ. ದೇವನೂರಿನ ಕಾರು ಎರಡನೆಯ ಗುಂಪಿಗೆ ಸೇರಿತ್ತು.

ಮೆಕ್ಯಾನಿಕ್ ಬಳಿಕ ಎರಡೂ ಕಡೆಯ ಟೈ ರಾಡ್ ಕೊನೆಗಳನ್ನು ಬಿಡಿಸಿದರು. ಇದು ಅನುಭವಸ್ಥರು ಮಾಡುವ ಕೆಲಸ. ಸುತ್ತಿಗೆಯಿಂದ ಸಿಕ್ಕಲ್ಲಿ ಹೊಡೆದರೆ ತಿರುಪು ಹಾಳಾಗುತ್ತದೆ. ಬಿಡಿಸಿದ ಮೇಲೆ ರೋಗ ಮೂರು ಭಾಗವಾಗುತ್ತದೆ: ಎಡಚಕ್ರ ಬೇರೆ, ಬಲಚಕ್ರ ಬೇರೆ, ನಡುವಿನ ಯಂತ್ರ ಬೇರೆ. ಒಂದೊಂದನ್ನೂ ಕೈಯಿಂದಲೇ ತಿರುಗಿಸಿ ನೋಡಬಹುದು. ಎಡಚಕ್ರ ಬಾಗಿಲಿನಂತೆ ಸಲೀಸಾಗಿ ತಿರುಗಿತು. ಬಲಚಕ್ರವನ್ನು ತಿರುಗಿಸಲು ಎರಡು ಕೈಯೂ ಬೇಕಾದವು, ಜೊತೆಗೆ ಒಣ ಮರದಂತೆ ಕಿರುಗುಟ್ಟುವ ಸದ್ದು. ಇನ್ನು ಚಕ್ರಗಳ ಸಂಬಂಧವೇ ಇಲ್ಲದ ಸ್ಟೇರಿಂಗನ್ನು ತಿರುಗಿಸಿದರೆ ನಡುವಿನಲ್ಲಿ ಸಡಿಲ, ಎರಡೂ ಕೊನೆಗಳಲ್ಲಿ ಬಿಗಿ! ಅಲ್ಲಿಗೆ ದೋಷ ಒಂದಲ್ಲ ಎಂಬುದು ಸ್ಪಷ್ಟವಾಯಿತು. ಹಳೆಯ ಕಾರುಗಳಲ್ಲಿ ಬಹುಪಾಲು ಹೀಗೆಯೇ. ಒಂದೇ ದೊಡ್ಡ ಕಾರಣವನ್ನು ಹುಡುಕುವವರು ಇಂಥಲ್ಲಿ ಎಡವುತ್ತಾರೆ.

ಬಲಚಕ್ರದ ಕಥೆ ಗ್ರೀಸಿನದು. ಎತ್ತಿನ ಗಾಡಿಯ ಕಾಲವನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ, ಕೀಲೆಣ್ಣೆ ಹಾಕದೆ ಗಾಡಿ ಹೂಡುವ ಬೇಸಾಯಗಾರನನ್ನು ಊರೇ ಬೈಯುತ್ತಿತ್ತು. ಅಂಬಾಸಡರ್, ಪದ್ಮಿನಿ, ಮಹೀಂದ್ರ ಜೀಪು ಮೊದಲಾದ ಹಳೆಯ ವಾಹನಗಳ ಮುಂಚಕ್ರದ ಕೀಲುಗಳಲ್ಲಿ ಗ್ರೀಸ್ ನಿಪ್ಪಲುಗಳಿವೆ. ಚಕ್ರ ಎಡಬಲಕ್ಕೆ ತಿರುಗುವುದು ಈ ಕೀಲುಗಳ ಮೇಲೆ. ಗ್ಯಾರೇಜಿನವರು ಅವನ್ನು ಕಿಂಗ್ ಪಿನ್ ಎನ್ನುತ್ತಾರೆ. ಅವಕ್ಕೆ ಕಾಲಕಾಲಕ್ಕೆ ಗನ್ನಿನಿಂದ ಗ್ರೀಸು ತುಂಬಿಸಬೇಕು. ಹೊಸ ಕಾರುಗಳಲ್ಲಿ ಕೀಲುಗಳನ್ನು ಮುಚ್ಚಿಯೇ ಕಳುಹಿಸುವುದರಿಂದ ಇಂದಿನ ಅನೇಕ ಸರ್ವೀಸ್ ಸ್ಟೇಷನ್ನುಗಳ ಹುಡುಗರಿಗೆ ಗ್ರೀಸ್ ಗನ್ನಿನ ಪರಿಚಯವೇ ಇಲ್ಲ. ಕಾರು ತೊಳೆಯುತ್ತಾರೆ, ಆಯಿಲ್ ಬದಲಿಸುತ್ತಾರೆ, ಬಿಲ್ಲು ಕೊಡುತ್ತಾರೆ; ನಿಪ್ಪಲನ್ನು ಯಾರೂ ಮುಟ್ಟುವುದಿಲ್ಲ. ಮೇಲಾಗಿ ರಭಸದ ನೀರಿನಲ್ಲಿ ಕೆಳಭಾಗವನ್ನು ತೊಳೆದಾಗ ಇದ್ದ ಗ್ರೀಸೂ ಹೋಗುತ್ತದೆ. ಅಜ್ಜಂಪುರದ ಕಡೆಯ ಕಪ್ಪು ಮಣ್ಣಿನ ಕೆಸರು ಒಣಗಿ ಕೀಲಿಗೆ ಸೇರಿದರಂತೂ ಗ್ರೀಸು, ಮಣ್ಣು ಎರಡೂ ಕಲೆತು ಉಜ್ಜುಕಾಗದದಂತೆ ಲೋಹವನ್ನು ತಿನ್ನುತ್ತವೆ.

ಈ ಕಾರಿನ ಬಲಗಡೆಯ ಕೆಳಗಿನ ನಿಪ್ಪಲು ಕಣ್ಣಿಗೇ ಬೀಳಲಿಲ್ಲ. ತುಕ್ಕು ಹಿಡಿಯದಿರಲೆಂದು ಕೆಲವು ವರ್ಷಗಳ ಹಿಂದೆ ಕೆಳಭಾಗಕ್ಕೆ ಬಳಿಸಿದ್ದ ಕಪ್ಪು ಡಾಂಬರಿನ ಲೇಪ ಅದನ್ನು ಪೂರ್ತಿ ಮುಚ್ಚಿತ್ತು. ಕೆರೆದು ತೆಗೆದು ಗನ್ ಹಚ್ಚಿದರೆ ಗ್ರೀಸು ಒಳಗೆ ಹೋಗದೆ ಪಕ್ಕಕ್ಕೆ ಚಿಮ್ಮಿತು. ಹೊಸ ನಿಪ್ಪಲು ಹಾಕಿದರೂ ಅದೇ ಕಥೆ. ಒಳಗಿನ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಕೊನೆಗೆ ಕೀಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆತವಿಲ್ಲವೆಂದು ಖಚಿತಪಡಿಸಿಕೊಂಡು ಮತ್ತೆ ಜೋಡಿಸಬೇಕಾಯಿತು. ಗ್ರೀಸು ತುಂಬಿಸುವಾಗ ಒಂದು ಮಾತು ನೆನಪಿರಲಿ: ಚಕ್ರ ನೆಲದಿಂದ ಎತ್ತಿರಬೇಕು. ಭಾರ ಹೊತ್ತ ಕೀಲಿನಲ್ಲಿ ಗ್ರೀಸು ಬೇಕಾದ ಮುಖಕ್ಕೆ ತಲಪುವುದಿಲ್ಲ. ಹಳೆಯ ಕಪ್ಪು ಗ್ರೀಸು ಹೊರಬಂದು, ಅದರ ಹಿಂದೆ ಹೊಸದು ಇಣುಕುವವರೆಗೆ ಗನ್ ಒತ್ತಬೇಕು. ಕೀಲು ಒಣಗಿರುವುದನ್ನು ಅಲಕ್ಷಿಸಿದರೆ ಅದು ಕ್ರಮೇಣ ಸವೆದು ಕಳಚಿಕೊಳ್ಳಲೂಬಹುದು. ಆಗ ಚಕ್ರ ಮಗುಚಿಕೊಂಡು ಕಾರು ನಡುರಸ್ತೆಯಲ್ಲಿ ಕುಸಿಯುತ್ತದೆ.

ಇನ್ನು ನಡುವಿನ ಯಂತ್ರ. ಅಂಬಾಸಡರಿನದು ರ‍್ಯಾಕ್ ಮತ್ತು ಪಿನಿಯನ್, ಅಂದರೆ ಹಲ್ಲಿರುವ ಒಂದು ಪಟ್ಟಿ, ಅದನ್ನು ಎಡಬಲಕ್ಕೆ ಸರಿಸುವ ಸಣ್ಣ ಹಲ್ಲಿನ ಚಕ್ರ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಲ್ಲಿಯೂ ಇದೇ ಬಗೆ. ಪದ್ಮಿನಿ ಮತ್ತು ಹಳೆಯ ಜೀಪುಗಳಲ್ಲಿ ಎಣ್ಣೆ ತುಂಬಿದ ಪ್ರತ್ಯೇಕ ಬಾಕ್ಸು ಇರುತ್ತದೆ. ನಾವು ಕಾರನ್ನು ಹೆಚ್ಚು ಹೊತ್ತು ನೇರವಾಗಿಯೇ ನಡೆಸುವುದರಿಂದ ಇವುಗಳ ಹಲ್ಲುಗಳು ನಡುವಿನಲ್ಲಿ ಹೆಚ್ಚು ಸವೆಯುತ್ತವೆ, ಅಂಚುಗಳಲ್ಲಿ ಹೊಸದರಂತೆಯೇ ಉಳಿಯುತ್ತವೆ. ನಡು ಸವೆದಾಗ ಸ್ಟೇರಿಂಗಿನಲ್ಲಿ ಪ್ಲೇ ಬರುತ್ತದೆ. "ಪ್ಲೇ ತೆಗೆದುಕೊಡಿ" ಎಂದು ನಾವು ಕೇಳುತ್ತೇವೆ. ಸರಿಯಾದ ಚಿಕಿತ್ಸೆ ಎಂದರೆ ಸವೆದ ಭಾಗವನ್ನು ಬದಲಿಸುವುದು. ಸುಲಭದ ಚಿಕಿತ್ಸೆ ಎಂದರೆ ಬಿಗಿ ಮಾಡುವುದು. ಬಿಗಿ ಮಾಡಿದೊಡನೆ ನೇರ ದಾರಿಯಲ್ಲಿ ಪ್ಲೇ ಮಾಯ, ಗಿರಾಕಿಗೆ ಸಂತೋಷ. ಆದರೆ ತಿರುವಿನಲ್ಲಿ ಸವೆಯದ ಅಂಚು ಆ ಬಿಗಿತಕ್ಕೆ ಸಿಕ್ಕಿ ಹಿಡಿದುಕೊಳ್ಳುತ್ತದೆ. ದೇವನೂರಿನ ಕಾರಿಗೆ ಎರಡು ವರ್ಷಗಳ ಹಿಂದೆ ಎಲ್ಲೋ ಹೀಗೆ ಮಾಡಿಸಿದ್ದರೆಂಬುದು ಮಾತಿನ ನಡುವೆ ಹೊರಬಂದಿತು. ಕೈಪಿಡಿಯ ಅಳತೆಗೆ ಅದನ್ನು ಸಡಿಲಿಸಿದ ಮೇಲೆ ಕೊನೆಗಳ ಬಿಗಿತ ಹೋಯಿತು; ಬೆರಳಗಲದ ಪ್ಲೇ ಮರಳಿ ಬಂದಿತು. ನನ್ನ ಮತದಲ್ಲಿ ಅಲ್ಪ ಪ್ಲೇ ಇರುವ ಹಗುರ ಸ್ಟೇರಿಂಗು ಪ್ಲೇ ಇಲ್ಲದೆ ಹಿಡಿದುಕೊಳ್ಳುವ ಸ್ಟೇರಿಂಗಿಗಿಂತ ಸಾವಿರ ಪಾಲು ಮೇಲು. ಆದರೂ ಅದು ಅಲ್ಪವೇ ಆಗಿರಬೇಕು. ಹೆಚ್ಚಾದರೆ ಭಾಗಗಳನ್ನು ಬದಲಿಸಲೇಬೇಕು.

ರ‍್ಯಾಕಿನ ಎರಡು ಬದಿಗಳಲ್ಲಿ ಕೊಳವೆಯಂಥ ಮಡಿಕೆಯ ರಬ್ಬರ್ ಬೂಟುಗಳಿರುತ್ತವೆ. ಹರಿದ ಬೂಟಿನಿಂದ ಮಳೆನೀರು, ಕೆಸರು ಒಳಸೇರಿ ರ‍್ಯಾಕಿಗೆ ತುಕ್ಕು ಹಿಡಿಸುತ್ತವೆ. ಬೂಟಿನ ಬೆಲೆ ಅಲ್ಪ, ರ‍್ಯಾಕಿನ ಬೆಲೆ ಅದರ ಎಷ್ಟೋ ಪಟ್ಟು.

ಮಾರುತಿ 800 ಮತ್ತು ಅದರ ನಂತರದ ಸಣ್ಣ ಕಾರುಗಳಿರುವ ಮನೆಗಳೇ ಈಗ ಹೆಚ್ಚು. ಇವುಗಳಲ್ಲಿ ಕಿಂಗ್ ಪಿನ್ ಇಲ್ಲ. ಚಕ್ರದ ಮೇಲೆ ಸ್ಪ್ರಿಂಗನ್ನು ಹೊತ್ತ ಸ್ಟ್ರಟ್ ಎಂಬ ಕಂಬವಿರುತ್ತದೆ. ಅದರ ನೆತ್ತಿಯ ಬೇರಿಂಗಿನ ಮೇಲೆ ಅದು ತಿರುಗುತ್ತದೆ. ಆ ಬೇರಿಂಗು ತುಕ್ಕು ಹಿಡಿದರೆ ಸ್ಪ್ರಿಂಗು ತಿರುಗದೆ ಸುತ್ತಿಕೊಂಡು, ಬಳಿಕ 'ಟಂಗ್' ಎಂದು ಸದ್ದು ಮಾಡಿ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ನಿಂತ ಕಾರಿನ ಸ್ಟೇರಿಂಗನ್ನು ಒಬ್ಬರು ತಿರುಗಿಸುತ್ತಿರುವಾಗ ಮತ್ತೊಬ್ಬರು ಬಾನೆಟ್ ತೆರೆದು ಸ್ಟ್ರಟ್ಟಿನ ನೆತ್ತಿಗೆ ಕಿವಿಗೊಟ್ಟರೆ ಇದು ತಿಳಿಯುತ್ತದೆ. ಚಕ್ರವನ್ನು ಎತ್ತಿ ಮಾಡುವ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವ ಬೇರಿಂಗ್ ಎಂದು ಮೇಲೆ ಹೇಳಿದ್ದು ಇದನ್ನೇ. ಕೆಳಗಿನ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಒಣಗಿದ್ದರೂ ಇಂಥದೇ ಭಾರ ಬರುತ್ತದೆ.

ಸ್ಟೇರಿಂಗ್ ಕೋಲು ಎಂಜಿನ್ ಕಡೆಗೆ ಇಳಿಯುವಲ್ಲಿ ಅನೇಕ ಕಾರುಗಳಲ್ಲಿ ಒಂದು ಸಣ್ಣ ಯೂನಿವರ್ಸಲ್ ಜಾಯಿಂಟು ಇರುತ್ತದೆ. ಇದು ಬಿಗಿದುಕೊಂಡರೆ ಗುರುತು ಬಹಳ ಸ್ಪಷ್ಟ: ಒಂದು ಸುತ್ತಿನಲ್ಲಿ ಎರಡು ಬಾರಿ ಭಾರ, ಎರಡು ಬಾರಿ ಹಗುರ. ಸಮನಾಗಿ ಭಾರವಾಗುವ ದೋಷಕ್ಕಿಂತ ಇದು ಅಪಾಯಕರ, ಏಕೆಂದರೆ ಭಾರದ ಜಾಗದಲ್ಲಿ ಹಾಕಿದ ಬಲವೇ ಹಗುರದ ಜಾಗಕ್ಕೆ ಬಂದಾಗ ಕಾರನ್ನು ಅತಿಯಾಗಿ ತಿರುಗಿಸಿಬಿಡುತ್ತದೆ. ಇಂತಹ ಗುರುತು ಕಂಡರೆ ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೊರಡಬಾರದು. ಓಡುತ್ತಿರುವಾಗಲೇ ಸ್ಟೇರಿಂಗು ಹಠಾತ್ತನೆ ಬಿಗಿಯಾದರಂತೂ ಕಾರನ್ನು ಬದಿಗೆ ನಿಲ್ಲಿಸಿ, ಬೇರೆ ವಾಹನಕ್ಕೆ ಕಟ್ಟಿ ಎಳೆಯಿಸದೆ, ಮುಂಚಕ್ರಗಳನ್ನು ಎತ್ತಿ ಸಾಗಿಸುವ ವ್ಯವಸ್ಥೆ ಮಾಡಬೇಕು.

ಪವರ್ ಸ್ಟೇರಿಂಗ್ ಇರುವ ಕಾರುಗಳೂ ಈಗ ಹಳೆಯವಾಗುತ್ತಿವೆ. ಅವುಗಳ ಬಗ್ಗೆ ಎರಡು ಮಾತು. ಎಣ್ಣೆಯ ಒತ್ತಡದಿಂದ ನಡೆಯುವ ಬಗೆಯಲ್ಲಿ ಮೊದಲು ಡಬ್ಬಿಯ ಎಣ್ಣೆಯನ್ನೂ ಪಂಪಿನ ಬೆಲ್ಟನ್ನೂ ನೋಡಬೇಕು. ಎಣ್ಣೆ ಕಡಿಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲನ್ನು ಅದಕ್ಕೆ ಸುರಿಯಬಾರದು; ಒಳಗಿನ ರಬ್ಬರ್ ಸೀಲುಗಳು ಕೆಟ್ಟುಹೋಗುತ್ತವೆ. ವಿದ್ಯುತ್ತಿನಿಂದ ನಡೆಯುವ ಬಗೆಯಲ್ಲಿ ದುರ್ಬಲ ಬ್ಯಾಟರಿ, ಸುಟ್ಟ ಫ್ಯೂಸು, ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡ ದೀಪ, ಇವನ್ನು ಗಮನಿಸಬೇಕು. ಎರಡರಲ್ಲಿಯೂ ಎಂಜಿನ್ ನಿಂತರೆ ಸಹಾಯವೂ ನಿಲ್ಲುತ್ತದೆ. ಬಾಬಾಬುಡನ್‌ಗಿರಿಯಿಂದಲೋ ಕೆಮ್ಮಣ್ಣುಗುಂಡಿಯಿಂದಲೋ ಇಳಿಯುವಾಗ ಡೀಸೆಲ್ ಉಳಿಸಲು ಎಂಜಿನ್ ಆರಿಸುವ ದುರಭ್ಯಾಸ ಹಿಂದಿನ ಕೆಲವು ಚಾಲಕರಲ್ಲಿತ್ತು. ಇಂದಿನ ಕಾರಿನಲ್ಲಿ ಹಾಗೆ ಮಾಡಿದರೆ ಸ್ಟೇರಿಂಗು ಕಲ್ಲಾಗುತ್ತದೆ, ಕೆಲವು ಸಲ ಒತ್ತಿದ ಬಳಿಕ ಬ್ರೇಕಿನ ಸಹಾಯವೂ ಮುಗಿಯುತ್ತದೆ. ಕೀಲಿಯನ್ನು ಹೊರಗೆಳೆದರೆ ಸ್ಟೇರಿಂಗಿಗೆ ಬೀಗವೇ ಬೀಳುತ್ತದೆ.

ಟೈ ರಾಡ್ ಬಿಚ್ಚಿ ಜೋಡಿಸಿದ ಯಾವುದೇ ಕಾರಿಗೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ಬಳಿಕ ಬಯಲಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಸ್ಟೇರಿಂಗು ತಾನಾಗಿ ನೇರಕ್ಕೆ ಬರುವುದನ್ನು ಕಂಡ ಮೇಲೆಯೇ ಗ್ಯಾರೇಜಿನವರಿಗೆ ಹಣ ಕೊಡಬೇಕು. ಹದಿನೈದು ವರ್ಷ ದಾಟಿದ ಸ್ವಂತ ಕಾರುಗಳ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ, ತಪಾಸಣೆಗೆ ಮುಂಚೆ ಈ ಕೆಲಸ ಮುಗಿಸಿಕೊಳ್ಳುವುದು ಅನುಕೂಲ. ಹಿರಿಯ ವಾಚಕರಿಗೆ ಇನ್ನೊಂದು ಸೂಚನೆ: ಕಾರನ್ನು ತುಸುವಾದರೂ ಚಲಿಸಲು ಬಿಟ್ಟು ಬಳಿಕ ತಿರುಗಿಸಿ. ನಿಂತಲ್ಲಿಯೇ ತಿರುಗಿಸುವುದು ತೋಳಿಗೂ ಕೀಲಿಗೂ ಹಿಂಸೆ. ಎಲ್ಲವೂ ಸರಿಯಾದ ಮೇಲೂ, ಮಗ ಒಂದು ಕೈಯಲ್ಲಿ ತಿರುಗಿಸುವುದು ತಮಗೆ ಎರಡು ಕೈಗೂ ಭಾರವೆನಿಸಿದರೆ ಹೆಗಲನ್ನು ವೈದ್ಯರಿಗೆ ತೋರಿಸತಕ್ಕದ್ದು. ದೇವನೂರಿನ ಯಜಮಾನರಿಗೆ ಅದರ ಅಗತ್ಯ ಬೀಳಲಿಲ್ಲ.

ಒಂದೇ ಬದಿಗೆ ಎಳೆಯುವ ಕಾರಿನ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.